ರಕ್ತದಲ್ಲಿಯೇ ಬಂದದ್ದೇ?

ಕಳೆದ ಮಳೆಗಾಲದ ಕೊನೆಯಲ್ಲಿ, ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಮಧ್ಯಾಹ್ನ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಆತನ ಸಹಪಾಠಿಗಳೂ ಇದ್ದೀರಿ. ಊಹಿಸಿದವರು ದಯವಿಟ್ಟು ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸದ ಕಡೆಯ ಕಾಫಿ ತೋಟವೊಂದರ ಲೈನುಮನೆಯಿಂದ ದಿನವೂ ನಾಲ್ಕು ಮೈಲಿ ನಡೆದು ಶಾಲೆಗೆ ಬರುತ್ತಿದ್ದ ಹುಡುಗ ಆತ. ಈಗ ಐವತ್ತು ದಾಟಿದೆ; ಸ್ವಂತದ್ದೊಂದು ಗ್ಯಾರೇಜು ನಡೆಸುತ್ತಾನೆ. ಮಗನಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ, ಮೇಷ್ಟ್ರಿಗೆ ಹೇಳಿ ಹೋಗೋಣವೆಂದು ಬಂದಿದ್ದ.

ಕಾಫಿ ಕುಡಿದಾಯಿತು. ತೋಟದ ಮಾತು, ಮಳೆಯ ಮಾತು, ಕಾಳುಮೆಣಸಿನ ಧಾರಣೆಯ ಮಾತು ಎಲ್ಲವೂ ಮುಗಿಯಿತು. ಏಳುವ ಹೊತ್ತಿಗೆ ಆತ ಹೇಳಿದ:

"ಸಾರ್, ನಾನು ಇವತ್ತಿನವರೆಗೆ ಒಂದು ಹನಿ ಮುಟ್ಟಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನೀವು ಹೇಳಿದ ಒಂದು ಮಾತಿನಿಂದ."

ಮೇಷ್ಟರಾದವನಿಗೆ ಇಂಥ ಮಾತು ಕೇಳಿದರೆ ಎದೆ ಉಬ್ಬದೆ ಇರುತ್ತದೆಯೇ? "ಏನು ಹೇಳಿದ್ದೆನಯ್ಯಾ?" ಎಂದು ಕೇಳಿದೆ, ಮೆಚ್ಚುಗೆಯ ಮಾತಿಗೇ ಕಾದವನಂತೆ.

"‘ಅಪ್ಪನ ರಕ್ತ ಎಲ್ಲಿ ಹೋಗುತ್ತೆ’ ಅಂದಿದ್ರಿ ಸಾರ್."

ಆ ದಿನ ನೆನಪಿಗೆ ಬಂತು. ಹಿಂದಿನ ರಾತ್ರಿ ಬಟವಾಡೆ ಆಗಿತ್ತು. ಆತನ ತಂದೆ ಸಾರಾಯಿ ಅಂಗಡಿಯ ಮುಂದೆ ಬಿದ್ದಿದ್ದುದನ್ನು ಊರೆಲ್ಲ ನೋಡಿತ್ತು. ಬೆಳಿಗ್ಗೆ ಶಾಲೆಯಲ್ಲಿ ಯಾರೋ ಅದನ್ನೆತ್ತಿ ಹಂಗಿಸಿದ್ದಾರೆ, ಇವನು ಹೊಡೆದಿದ್ದಾನೆ. ನಾನು ಕಾರಣ ವಿಚಾರಿಸಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿ ಆ ಮಾತನ್ನು ಆಡಿದೆ. ಹುಡುಗರು ನಕ್ಕರು. ಅಂದು ನಾನು ಕಲಿಸಬೇಕಾಗಿದ್ದ ಪಾಠ, ಹೇಳಲು ನಾಚಿಕೆಯಾಗುತ್ತದೆ, ಮೆಂಡೆಲನ ಬಟಾಣಿ ಗಿಡಗಳದು.

ಆತ ದೂರುವ ಧಾಟಿಯಲ್ಲಿ ಹೇಳಲಿಲ್ಲ. "ಹೆದರಿಕೆಯಿಂದಲೇ ಬದುಕಿದೆ, ಒಳ್ಳೇದೇ ಆಯ್ತು. ಈಗ ಮಗ ಹೊರಗೆ ಹೋಗ್ತಾ ಇದ್ದಾನೆ. ಅಜ್ಜನ ರಕ್ತ ಮೊಮ್ಮಗನಿಗೂ ಬರುತ್ತಾ ಸಾರ್? ಅವನಿಗೆ ನಾನು ಏನು ಹೇಳ್ಲಿ?" ಎಂದು ಕೇಳಿದ. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿದವನ ಬಾಯಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಸಮಯ ಕೊಡು ಎಂದೆ. ಮೊಮ್ಮಗಳು ಕಂಪ್ಯೂಟರಿನಲ್ಲಿ ಹುಡುಕಿಕೊಟ್ಟದ್ದನ್ನೆಲ್ಲ ಕನ್ನಡಕ ಒರೆಸಿಕೊಳ್ಳುತ್ತ ಕೆಲವು ವಾರ ಓದಿದೆ. ಅದರ ಫಲವಾಗಿ ನನ್ನಲ್ಲಿ ಬಲಿತ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದು ನನ್ನನ್ನು ಕೊಂಡೊಯ್ದದ್ದು ಇಲಿಗಳ ಬಳಿಗೆ. ಹೆಗ್ಗಣವಲ್ಲ, ಅಟ್ಟದ ಮೇಲೆ ಓಡಾಡುವ ಚಿಕ್ಕ ಇಲಿಯ ಪ್ರಯೋಗಾಲಯದ ನೆಂಟ.

1959ರಲ್ಲಿ ಅಮೆರಿಕದ ಮ್ಯಾಕ್‌ಕ್ಲರ್ನ್ ಮತ್ತು ರಾಜರ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಪಂಜರದಲ್ಲಿ ಎರಡು ಬಾಟಲಿ. ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಶೇಕಡಾ 10ರಷ್ಟು ಮದ್ಯಸಾರ ಬೆರೆಸಿದ ನೀರು. ಯಾವುದನ್ನು ಕುಡಿಯಬೇಕೆಂಬುದು ಇಲಿಯ ಇಷ್ಟ. ಸಿ57 ಎಂಬ ತಳಿಯ ಕಪ್ಪು ಇಲಿಗಳು ಬಹುಪಾಲು ಮದ್ಯದ ಬಾಟಲಿಗೇ ಬಾಯಿಡುತ್ತಿದ್ದವು. ಡಿಬಿಎ ಎಂಬ ತಳಿಯ ಮಾಸಲು ಕಂದು ಇಲಿಗಳು ಅದನ್ನು ಮೂಸಿ ನೋಡಿ ನೀರಿನ ಕಡೆಗೆ ಹೋಗುತ್ತಿದ್ದವು. (ಮೈಬಣ್ಣಕ್ಕೂ ಕುಡಿತಕ್ಕೂ ಸಂಬಂಧವಿಲ್ಲ. ನಮ್ಮ ಜನ ಅದಕ್ಕೂ ಒಂದು ಅರ್ಥ ಹಚ್ಚಿಯಾರೆಂಬ ಭಯದಿಂದ ಹೇಳುತ್ತಿದ್ದೇನೆ.) ಈ ಇಲಿಗಳಿಗೆ ತಂದೆಯ ಉಪದೇಶವಿಲ್ಲ, ಸಹವಾಸದೋಷವಿಲ್ಲ, ಬಟವಾಡೆಯಿಲ್ಲ. ಒಂದೇ ಬಗೆಯ ಪಂಜರ, ಒಂದೇ ಆಹಾರ. ಉಳಿದ ವ್ಯತ್ಯಾಸವೆಂದರೆ ವಂಶವಾಹಿಗಳದು ಮಾತ್ರ.

1999ರಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಅಮೆರಿಕದ ಎರಡು ಊರು, ಕೆನಡಾದ ಒಂದು ಊರು, ಮೂರು ಪ್ರಯೋಗಾಲಯಗಳಲ್ಲಿ ಅವೇ ತಳಿಗಳ ಇಲಿಗಳ ಮೇಲೆ ಅವೇ ಪ್ರಯೋಗಗಳನ್ನು ಒಂದೇ ಕ್ರಮದಲ್ಲಿ ಮಾಡಿದರು. ಎಷ್ಟು ಎಚ್ಚರ ವಹಿಸಿದರೂ ಇಲಿಗಳ ಅಂಜಿಕೆ, ಓಡಾಟ ಮುಂತಾದ ಕೆಲವು ಗುಣಗಳ ಫಲಿತಾಂಶ ಊರಿಂದೂರಿಗೆ ಬೇರೆ ಬೇರೆ ಬಂತು. ಆದರೆ ಮದ್ಯದ ಒಲವು ಮಾತ್ರ ಮೂರು ಕಡೆಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಆದ್ದರಿಂದ ಮೊದಲು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಕುಡಿತಕ್ಕೂ ಅನುವಂಶೀಯತೆಗೂ ಸಂಬಂಧವಿದೆ. "ಎಲ್ಲ ಮನಸ್ಸಿನ ದೌರ್ಬಲ್ಯ, ಗಟ್ಟಿ ಮನಸ್ಸು ಮಾಡಿದರೆ ಬಿಡಬಹುದು" ಎಂದು ಸಲೀಸಾಗಿ ಹೇಳುವವರು, ನನ್ನ ಬಂಧುಗಳಲ್ಲಿಯೂ ಕೆಲವರಿದ್ದಾರೆ, ಆ ಪಂಜರಗಳನ್ನು ಒಮ್ಮೆ ನೆನೆಯಬೇಕು.

ಹಾಗಾದರೆ ನನ್ನ ಆ ಮಾತು ಸರಿಯಾಯಿತೇ? ಇಲ್ಲ. ಇದಕ್ಕೆ ನಮ್ಮ ತೋಟದಲ್ಲಿಯೇ ಉದಾಹರಣೆಯಿದೆ.

ಪ್ರಯೋಗಾಲಯದ ಇಲಿಯ ತಳಿಯೆಂದರೆ ಒಡಹುಟ್ಟಿದವುಗಳನ್ನೇ ಇಪ್ಪತ್ತು ತಲೆಮಾರಿಗೂ ಮಿಕ್ಕಿ ಕೂಡಿಸಿ ಪಡೆದದ್ದು. ಒಂದು ಇಲಿ ಇನ್ನೊಂದರ ಪಡಿಯಚ್ಚು. ನಮ್ಮ ಅರೇಬಿಕಾ ಕಾಫಿ ಸ್ವಲ್ಪ ಮಟ್ಟಿಗೆ ಹೀಗೆಯೇ: ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ; ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ 795ರ ಬೀಜ ಹಾಕಿದರೆ ಬಹುತೇಕ 795ರಂತಹ ಗಿಡವೇ ಏಳುತ್ತದೆ. ಆದರೆ ರೋಬಸ್ಟಾ ಹಾಗಲ್ಲ. ಅದಕ್ಕೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಒಂದೇ ತಾಯಿಗಿಡದ ಹಣ್ಣಿನಿಂದ ಪಾತಿ ಮಾಡಿ ನೋಡಿ, ಒಂದು ಗಿಡ ದಟ್ಟ, ಒಂದು ಸೊರಗಲು, ಒಂದು ಬೇಗ ಹಣ್ಣಾಗುವುದು, ಒಂದು ತಡ. ಮನುಷ್ಯರು ರೋಬಸ್ಟಾ ಜಾತಿಯವರು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ, ಅದೂ ಪ್ರತಿ ಮಗುವಿಗೂ ಬೇರೆ ಬೇರೆ ಅರ್ಧ. ಇದರ ಮೇಲೆ, ಕುಡಿತಕ್ಕೆ ಸಂಬಂಧಿಸಿದ ವಂಶವಾಹಿ ಒಂದೇ ಅಲ್ಲ. ಅನೇಕ ಇವೆ, ಬಹುತೇಕ ಒಂದೊಂದರದೂ ಅಲ್ಪಸ್ವಲ್ಪ ಪ್ರಭಾವ. ಬಟಾಣಿಯ ಎತ್ತರ-ಗಿಡ್ಡದಂತೆ ಲೆಕ್ಕ ಹಾಕಲು ಬರುವುದಿಲ್ಲ. ಮೆಂಡೆಲನನ್ನು ಪಾಠ ಮಾಡುತ್ತಲೇ ನಾನು ಮೆಂಡೆಲನಿಗೆ ಅನ್ಯಾಯ ಮಾಡಿದ್ದೆ.

ಲೆಕ್ಕವನ್ನೇ ಕೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ದತ್ತು ಹೋದ ಗಂಡುಮಕ್ಕಳ ಬಗೆಗೆ 1973ರಲ್ಲಿ ಗುಡ್ವಿನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಹೆತ್ತವರಲ್ಲೊಬ್ಬರು ಮದ್ಯವ್ಯಸನಿಗಳಾಗಿದ್ದ 55 ಜನರಲ್ಲಿ 10 ಮಂದಿ, ಬೇರೆ ಮನೆಯಲ್ಲಿ ಬೆಳೆದಿದ್ದರೂ, ಮದ್ಯವ್ಯಸನಿಗಳಾದರು. ಹಾಗಲ್ಲದ 78 ದತ್ತುಪುತ್ರರಲ್ಲಿ 4 ಮಂದಿ. ಶೇಕಡಾ 18 ಮತ್ತು 5. "ನೋಡಿದಿರಾ, ಮೂರೂವರೆ ಪಟ್ಟು!" ಎನ್ನುವುದು ಒಂದು ಓದು, ತಪ್ಪೇನಲ್ಲ. ಆದರೆ ತರಗತಿಯಲ್ಲಿ ಕಳೆಯುವ ಲೆಕ್ಕ ಕಲಿಸಿದವನು ಇನ್ನೊಂದು ಓದನ್ನೂ ಮಾಡಬೇಕು. 55ರಲ್ಲಿ 10 ಕಳೆದರೆ 45. ಆ ನಲವತ್ತೈದು ಮಂದಿಯಲ್ಲೂ ಅದೇ ರಕ್ತ ಹರಿಯುತ್ತಿತ್ತು.

ಇನ್ನು, ರಕ್ತದಲ್ಲಿ ಬರುವುದು ಏನು ಎಂಬುದು ಮುಖ್ಯ ಪ್ರಶ್ನೆ. ಕುಡಿತವೇ ಬರುತ್ತದೆಯೆ? ಇಲ್ಲಿಯೂ ಇಲಿಗಳು ನನ್ನ ತಿಳಿವಳಿಕೆಯನ್ನು ತಿದ್ದಿದವು. ಮದ್ಯ ಮುಟ್ಟದ ಆ ಡಿಬಿಎ ಇಲಿಯನ್ನು ನಾನು ದೊಡ್ಡ ಸಂಯಮಿಯೆಂದು ತಿಳಿದಿದ್ದೆ. ಆದರೆ ಬಾಯಿಯ ಮೂಲಕವಲ್ಲದೆ ಸೂಜಿಮದ್ದಾಗಿ ಅದೇ ಮದ್ಯಸಾರವನ್ನು ಕೊಟ್ಟರೆ, ಅದಕ್ಕೆ ಮದ್ಯದ ಪರಿಣಾಮ ಬಲು ಪ್ರಿಯ. ಮದ್ದು ಕೊಟ್ಟ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಅದಕ್ಕೆ ಸೇರದಿರುವುದು ಬಹುಮಟ್ಟಿಗೆ ರುಚಿ ಮತ್ತು ವಾಸನೆ! ಕೊಲರಾಡೊದಲ್ಲಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಇನ್ನೆರಡು ಬಗೆಯ ಇಲಿಗಳಿವೆ. ಒಂದೇ ಪ್ರಮಾಣದ ಮದ್ಯ ಕೊಟ್ಟರೆ ಒಂದು ಬಗೆಯವು ಕೆಲವೇ ನಿಮಿಷಗಳಲ್ಲಿ ಎದ್ದು ಓಡಾಡುತ್ತವೆ, ಇನ್ನೊಂದು ಬಗೆಯವು ಗಂಟೆಗಟ್ಟಲೆ ಮಲಗಿರುತ್ತವೆ. ಅಂದರೆ ರುಚಿ ಒಂದು ಬಾಬತ್ತು, ಮತ್ತು ಏರುವುದು ಇನ್ನೊಂದು, ಸುಖವೆನಿಸುವುದು ಮತ್ತೊಂದು, ಬಿಟ್ಟಾಗ ನಡುಗುವುದು ಬೇರೆಯೇ. ಇವೆಲ್ಲ ಬೇರೆ ಬೇರೆಯಾಗಿ ಹರಿದುಬರುತ್ತವೆ. ತಲೆಮಾರಿನಿಂದ ಬರುವುದು ಕುಡುಕತನವಲ್ಲ. ಮದ್ಯ ಒಳಗೆ ಹೋದಾಗ ದೇಹ ಅದನ್ನು ಬರಮಾಡಿಕೊಳ್ಳುವ ರೀತಿ.

ಮತ್ತು ಸಿ57ನ ಬಗೆಗೆ ಇನ್ನೊಂದು ಮಾತು. ಅದು ದಿನವಿಡೀ ಚೂರುಚೂರೇ ಹೀರುತ್ತದೆಯೇ ಹೊರತು ಆ ಎರಡು ಬಾಟಲಿಯ ಪಂಜರದಲ್ಲಿ ಬಿದ್ದು ಹೊರಳುವಷ್ಟು ಕುಡಿಯುವುದು ಅಪರೂಪ. ಅದನ್ನು ನಿಜವಾದ ವ್ಯಸನಿಯನ್ನಾಗಿ ಮಾಡಬೇಕೆಂದರೆ ವಿಜ್ಞಾನಿಗಳು ಮದ್ಯದ ಆವಿ ತುಂಬಿದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಡಬೇಕಾಗುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಬಟವಾಡೆಯ ಸಂಜೆ. ಮೇಸ್ತ್ರಿಯ ಕೈಯಲ್ಲಿ ಹಣ ಎಣಿಸಿಕೊಂಡು ರಸ್ತೆಗಿಳಿದರೆ ಮೊದಲು ಸಿಗುತ್ತಿದ್ದುದು ದಿನಸಿ ಅಂಗಡಿಯಲ್ಲ. ಜೂನ್-ಜುಲೈಯಲ್ಲಿ ಕಂಬಳಿಯೂ ನೆನೆದು ಭಾರವಾಗಿ, ಕಾಲಿಗೆ ಜಿಗಣೆ ಹತ್ತಿ, ದಿನವಿಡೀ ಚಿಗುರು ತೆಗೆದು ಬಂದವನಿಗೆ "ಚಳಿಗೆ ಒಂದು ಗುಟುಕು" ಎಂಬ ಆಹ್ವಾನ ಬೇರೆ. ಮದ್ಯ ಮೈ ಬೆಚ್ಚಗೆ ಮಾಡುತ್ತದೆಂಬುದು ಭ್ರಮೆ. ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿಯೆನಿಸುತ್ತದೆ, ಒಳಗಿನ ಶಾಖ ಮಾತ್ರ ಸೋರಿಹೋಗುತ್ತದೆ. ಇಲಿಗಳಲ್ಲಿಯೂ ಮದ್ಯ ಕೊಟ್ಟಾಗ ಮೈಶಾಖ ಇಳಿಯುತ್ತದೆ. ನಮ್ಮ ಸೀಮೆಯ ಕೂಲಿಯಾಳಿನ ಮುಂದೆ ಎರಡು ಬಾಟಲಿ ಇರಲಿಲ್ಲ, ಇದ್ದದ್ದು ಒಂದೇ ಎಂದು ನನಗನಿಸುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹಲವು ಮನೆಗಳಲ್ಲಿ ಒಂದಷ್ಟು ದಿನ ನೆಮ್ಮದಿ ಕಂಡದ್ದೂ ನಿಜ, ಆಮೇಲೆ ಅವರೇ ಅಗ್ಗದ ಬ್ರಾಂದಿ, ವಿಸ್ಕಿಗೆ ಹೊರಳಿದ್ದನ್ನು ಕಣ್ಣಾರೆ ನೋಡಿದ್ದೂ ನಿಜ.

ಈಗ ನಾನು ಹೇಳಲೇಬೇಕಾದ, ಕೆಲವರಿಗೆ ಕಹಿಯೆನಿಸಬಹುದಾದ ಒಂದು ಸಂಗತಿಗೆ ಬರುತ್ತೇನೆ.

ಅದೇ ತರಗತಿಯಲ್ಲಿ ತೋಟದ ಧಣಿಗಳ ಮನೆಯ ಹುಡುಗನೊಬ್ಬನೂ ಇದ್ದ. ಅವನ ತಂದೆಯೂ ಕುಡಿಯುತ್ತಿದ್ದರು, ಅಜ್ಜನೂ. ಆದರೆ ಅವರು ರಸ್ತೆಯಲ್ಲಿ ಬೀಳುತ್ತಿರಲಿಲ್ಲ, ಜೀಪಿತ್ತು, ಡ್ರೈವರನಿದ್ದ. ಆ ಹುಡುಗನಿಗೆ ನಾನಾಗಲಿ ಇನ್ನಾರೇ ಆಗಲಿ "ಅಪ್ಪನ ರಕ್ತ" ಎಂದದ್ದಿಲ್ಲ. ಬೆಳೆದು ದೊಡ್ಡವನಾದ ಮೇಲೆ ಅವನ ಖ್ಯಾತಿಯೆಂದರೆ "ಎಷ್ಟು ಕುಡಿದರೂ ಅಲುಗುವುದಿಲ್ಲ" ಎಂಬುದು. ಮದುವೆಮನೆಗಳಲ್ಲಿ, ಶಿಕಾರಿಯ ಕಥೆಗಳಲ್ಲಿ ಅವನ ಈ ಗಟ್ಟಿತನವೇ ಹೊಗಳಿಕೆಯ ವಸ್ತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಯಕೃತ್ತು ಕೆಟ್ಟು ತೀರಿಕೊಂಡ. ಬಡವನಾದರೆ ರಕ್ತ, ಶ್ರೀಮಂತನಾದರೆ ಶೋಕಿ. ಇದು ನಮ್ಮ ಮಲೆನಾಡಿನ ಅನುವಂಶೀಯ ಶಾಸ್ತ್ರ!

ಆ "ಅಲುಗದವನ" ಬಗೆಗೇ ವಿಜ್ಞಾನ ಹೇಳುವುದು ನನ್ನನ್ನು ಬೆಚ್ಚಿಬೀಳಿಸಿತು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಕ್ ಶುಕಿಟ್ ಎಂಬ ವೈದ್ಯರು ಯುವಕರಿಗೆ ಅಳತೆ ಮಾಡಿದ ಮದ್ಯ ಕುಡಿಸಿ, ಯಾರಿಗೆ ಎಷ್ಟು ಏರುತ್ತದೆ, ಯಾರು ಎಷ್ಟು ತೂಗಾಡುತ್ತಾರೆ ಎಂದು ಅಳೆದರು. ಮದ್ಯವ್ಯಸನಿಗಳ ಮಕ್ಕಳಲ್ಲಿ ಅನೇಕರಿಗೆ ಉಳಿದವರಿಗಿಂತ ಕಡಿಮೆ ಏರುತ್ತಿತ್ತು. ಸುಮಾರು ಹತ್ತು ವರ್ಷದ ಬಳಿಕ ಅವರನ್ನೇ ಹುಡುಕಿ ಮಾತನಾಡಿಸಿ 1994ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮದ್ಯವ್ಯಸನಿಗಳ ಮಕ್ಕಳ ಪೈಕಿ ಕಡಿಮೆ ಏರುತ್ತಿದ್ದವರಲ್ಲಿ ಶೇಕಡಾ 56 ಮಂದಿ ವ್ಯಸನಿಗಳಾಗಿದ್ದರು, ಬೇಗ ಏರುತ್ತಿದ್ದವರಲ್ಲಿ ಶೇಕಡಾ 14. ಕಾರಣ ಊಹಿಸುವುದು ಕಷ್ಟವಲ್ಲ. ಎರಡನೇ ಲೋಟಕ್ಕೇ ತಲೆ ತಿರುಗಿದವನು ನಿಲ್ಲಿಸುತ್ತಾನೆ. ಎಚ್ಚರಿಕೆಯ ಗಂಟೆಯೇ ಕೇಳಿಸದವನು ಮುಂದುವರಿಯುತ್ತಾನೆ, ಸುತ್ತ ಕುಳಿತವರು ಭೇಷ್ ಎನ್ನುತ್ತಾರೆ. ನಿಮ್ಮ ಮನೆಯ ಹುಡುಗ ನಾಲ್ಕು ಪೆಗ್ಗಿಗೂ ಜಗ್ಗುವುದಿಲ್ಲವೆಂದು ಯಾರಾದರೂ ಹೊಗಳಿದರೆ ದಯವಿಟ್ಟು ಹೆಮ್ಮೆ ಪಡಬೇಡಿ, ಆತಂಕಪಡಿ.

ಇದಕ್ಕೆ ತದ್ವಿರುದ್ಧವಾದ ದೇಹಗಳೂ ಇವೆ. ಜಪಾನ್, ಚೀನಾ, ಕೊರಿಯಾದವರಲ್ಲಿ ಬಹಳ ಮಂದಿಗೆ ಮದ್ಯ ಮೈಯಲ್ಲಿ ಮುರಿಯುವಾಗ ನಡುವೆ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಬೇಗ ಕಳೆಯಲಾಗುವುದಿಲ್ಲ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಕುಡಿಯುವುದೇ ಹಿಂಸೆಯಾಗುತ್ತದೆ. ಈ ಕವಚ ನಮ್ಮ ದೇಶದವರಲ್ಲಿ ತೀರ ವಿರಳ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದ ಡೈಸಲ್ಫಿರಾಮ್ ಮಾತ್ರೆ ಮಾಡುವುದೂ ಇದನ್ನೇ. ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡುವ ಮನೆಗಳಿವೆ ಎಂದು ಕೇಳಿದ್ದೇನೆ. ಪ್ರಾಣಕ್ಕೇ ಅಪಾಯ, ವೈದ್ಯರನ್ನು ಕೇಳದೆ ಖಂಡಿತ ಮಾಡಬಾರದು.

ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದ ಕೆಲಸ. ಡಾ. ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು ಮದ್ಯವ್ಯಸನಿ ಕುಟುಂಬಗಳ, ಇನ್ನೂ ಕುಡಿತ ಮುಟ್ಟದ ಹುಡುಗರ ಮಿದುಳಿನ ವಿದ್ಯುತ್ ಅಲೆಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಗಮನ ಸೆಳೆಯುವಂಥ ಪ್ರಚೋದನೆಯಾದಾಗ ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ ಏಳುವ ಒಂದು ಅಲೆ ಈ ಮಕ್ಕಳಲ್ಲಿ ಕಿರಿದಾಗಿರುತ್ತದೆ. ನ್ಯೂಯಾರ್ಕಿನಲ್ಲಿ 1984ರಲ್ಲಿಯೇ ಇಂಥದೇ ಫಲಿತಾಂಶ ಬಂದಿತ್ತು. ಸರಳವಾಗಿ ಹೇಳುವುದಾದರೆ, ಇಂಥ ಕೆಲವು ಮಕ್ಕಳ ಮಿದುಳಿನಲ್ಲಿ ತಡೆಹಿಡಿಯುವ ಬ್ರೇಕು ಸ್ವಲ್ಪ ತಡವಾಗಿ ಬಲಿಯುತ್ತದೆ ಎಂಬುದು ವೈದ್ಯರ ಅಭಿಪ್ರಾಯ. ಕೂತಲ್ಲಿ ಕೂರದಿರುವುದು, ಥಟ್ಟನೆ ಕೈಯೆತ್ತುವುದು, ಮುಂದಾಲೋಚನೆಯಿಲ್ಲದೆ ನುಗ್ಗುವುದು. ಇದನ್ನೋದಿ ನಾನು ಪುಸ್ತಕ ಮುಚ್ಚಿಟ್ಟೆ. ಯಾವ ಮಕ್ಕಳನ್ನು ನಾನು ಹೆಚ್ಚು ಹೊಡೆದೆ, ಬೆಂಚಿನ ಮೇಲೆ ನಿಲ್ಲಿಸಿದೆ ಎಂದು ನೆನಪಿನಲ್ಲಿ ಎಣಿಸತೊಡಗಿದ್ದೆ.

ನನ್ನ ಅಭಿಪ್ರಾಯ ಇದು. ತಂದೆಗೆ ಸಕ್ಕರೆ ಕಾಯಿಲೆಯಿದ್ದರೆ ಮಗನಿಗೆ "ನೀನು ಸ್ವಲ್ಪ ಜಾಗ್ರತೆಯಾಗಿರಪ್ಪ" ಎನ್ನುತ್ತೇವೆ, "ಅಪ್ಪನ ರಕ್ತ" ಎಂದು ಹಂಗಿಸುವುದಿಲ್ಲ. ಕುಡಿತದ ವಿಷಯದಲ್ಲಿಯೂ ಅದೇ ಸರಿ. ಮುಚ್ಚಿಡಬಾರದು, ಶಪಿಸಲೂ ಬಾರದು. ಕಾಫಿ ಬೆಳೆಗಾರರಾದ ನೀವು ಇದನ್ನು ಬಲ್ಲಿರಿ. ಬಿಳಿ ಕಾಂಡಕೊರಕ ಹಿಡಿಯುವುದು ಅರೇಬಿಕಾಕ್ಕೆ. ರೋಬಸ್ಟಾಕ್ಕೆ ಅದರ ಕಾಟವಿಲ್ಲ. ಅದು ತಳಿಯ ಗುಣ, ಬದಲಿಸಲಾಗದು. ಆದರೆ ಬಿಸಿಲು ನೇರ ಕಾಂಡಕ್ಕೆ ಬೀಳುವ ಕಡೆ ದುಂಬಿ ಹೆಚ್ಚು ಮೊಟ್ಟೆಯಿಡುತ್ತದೆ, ನೆರಳು ಚೆನ್ನಾಗಿದ್ದಲ್ಲಿ ಕಡಿಮೆ. ಅರೇಬಿಕಾ ಹಾಕಿದವನು ಗಿಡವನ್ನು ಬೈಯುತ್ತ ಕೂರುವುದಿಲ್ಲ, ನೆರಳು ನೋಡಿಕೊಳ್ಳುತ್ತಾನೆ. ಮಕ್ಕಳಿಗೆ ಆ ನೆರಳೆಂದರೆ ಏನು ಎಂದು ಕೇಳಿದರೆ ನನಗೆ ತೋಚುವುದು ಬಲು ಸಾಮಾನ್ಯ ಸಂಗತಿಗಳು: ಕೆಲಸದ ಬಳಿಕ ಹೋಗಲು ಬಾರಲ್ಲದ ಇನ್ನೊಂದು ಜಾಗ, ಹಂಗಿಸದ ಮೇಷ್ಟ್ರು, ಬಿಡಲು ಯತ್ನಿಸುವವನಿಗೆ ಜೊತೆ. ನಮ್ಮ ಕಡೆ ನಡೆಯುವ ಮದ್ಯವರ್ಜನ ಶಿಬಿರಗಳ ಗುಟ್ಟೂ ಬಹುಪಾಲು ಈ ಜೊತೆಯೇ ಇರಬೇಕು.

ಇಷ್ಟನ್ನೂ ಯೋಚಿಸಿ ಒಂದು ಸಂಜೆ ಆ ವಿದ್ಯಾರ್ಥಿಗೆ ಫೋನು ಮಾಡಿದೆ. ಮೊದಲು ಕ್ಷಮೆ ಕೇಳಿದೆ. "ಬಿಡಿ ಸಾರ್, ಅದೆಲ್ಲ ಯಾಕೆ" ಎಂದ. ಆದರೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ಹೇಳಿದೆ: ಮಗನಿಗೆ ಅಜ್ಜನ ವಿಷಯ ಮುಚ್ಚಿಡಬೇಡ. ನಿನ್ನ ಮೈ ಮದ್ಯವನ್ನು ಬೇರೆಯವರ ಮೈಯಂತೆ ತೆಗೆದುಕೊಳ್ಳದಿರಬಹುದು, ಸ್ನೇಹಿತರಿಗೆ ಆಟವಾದದ್ದು ನಿನಗೆ ಆಟವಾಗದೆ ಹೋಗಬಹುದು ಎಂದು ನೇರವಾಗಿ ಹೇಳು. ಮುಟ್ಟದಿದ್ದರೆ ಒಳ್ಳೆಯದು, ಇಲ್ಲವಾದರೂ ಎಷ್ಟು ತಡವಾದರೆ ಅಷ್ಟು ಒಳಿತು. 1997ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಹದಿನೈದಕ್ಕೆ ಮೊದಲೇ ಶುರುಮಾಡಿದವರಲ್ಲಿ ಶೇಕಡಾ 40ರಷ್ಟು ಮಂದಿ ಜೀವನದ ಯಾವುದೋ ಘಟ್ಟದಲ್ಲಿ ವ್ಯಸನಕ್ಕೆ ಬಿದ್ದಿದ್ದರು, ಇಪ್ಪತ್ತರ ಬಳಿಕ ಶುರುಮಾಡಿದವರಲ್ಲಿ ಶೇಕಡಾ 10ರಷ್ಟು. ಮತ್ತು ನಲವತ್ತೈದರ ಲೆಕ್ಕವನ್ನೂ ತಪ್ಪದೆ ಹೇಳು.

ಹದಿನೈದು ದಿನದ ನಂತರ ಆತನೇ ಫೋನು ಮಾಡಿದ. ಮಂಗಳೂರಿಗೆ ಬಿಡಲು ಹೋಗುವಾಗ ಚಾರ್ಮಾಡಿ ಘಾಟಿಯಲ್ಲಿ ಕಾರು ನಿಲ್ಲಿಸಿ ಎಲ್ಲವನ್ನೂ ಹೇಳಿದನಂತೆ. ಹುಡುಗ ಸುಮ್ಮನೆ ಕೇಳಿಸಿಕೊಂಡು, "ಕುಡಿಯದೆ ಇದ್ದಾಗ ತಾತ ಹೇಗಿದ್ರು?" ಎಂದು ಕೇಳಿದನಂತೆ.

"ಅದನ್ನ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ ಸಾರ್. ನಾನೂ ಯೋಚನೆ ಮಾಡಿರಲಿಲ್ಲ. ಆಮೇಲೆ ನೆನಪಾಯ್ತು. ಅಪ್ಪ ಮರಗಸಿ ಮಾಡೋದ್ರಲ್ಲಿ ಎತ್ತಿದ ಕೈ. ಸುತ್ತಲ ಐದಾರು ತೋಟದವರು ಕರೆಸ್ತಿದ್ರು. ಮರದ ತುದಿಯಲ್ಲಿ ನಿಂತು ಯಾವ ಕೊಂಬೆ ತೆಗೀಬೇಕು, ಯಾವುದು ಬಿಡಬೇಕು ಅಂತ ಕೆಳಗೆ ಬಿದ್ದ ಬಿಸಿಲು ನೋಡಿಯೇ ಹೇಳ್ತಿದ್ರು. ಅಷ್ಟು ಹೇಳಿದೆ ಸಾರ್ ಮಗನಿಗೆ."